ತಪ್ಪಿನ ಚೀಟಿ

ಜನವರಿ 9

ಮಗಳಿಗೆ,

ನಾನು ಈ ಲಾಂಡ್ರಿಯ ಯಜಮಾನಿ. ಮೂವತ್ತೊಂಬತ್ತು ವರ್ಷಗಳಿಂದ ಎರಡು ಆಸ್ಪತ್ರೆ, ಮೂರು ಹೋಟೆಲು ಮತ್ತು ಸುತ್ತಲಿನ ಹನ್ನೊಂದು ಬೀದಿಗಳ ಬಟ್ಟೆ ನನ್ನ ಬಾಗಿಲಿನಿಂದ ಒಳಗೆ ಹೋಗಿ ನನ್ನ ಬಾಗಿಲಿನಿಂದಲೇ ಹೊರಗೆ ಬರುತ್ತಿದೆ. ಹದಿನಾಲ್ಕು ಜನ ನನ್ನ ಮಾತು ಕೇಳುತ್ತಾರೆ. ಕೇಳದವರು ಬೇರೆ ಕೆಲಸ ನೋಡಿಕೊಂಡಿದ್ದಾರೆ. ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದರೆ ನನ್ನ ಕಾಗದದಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ಈತನಕ ಯಾರೂ ಬೆರಳು ತೋರಿಸಿಲ್ಲ. ಇದೆಲ್ಲ ಆದ ಮೇಲೆ ನಾನು ನಿನ್ನ ತಾಯಿ. ಈ ಪತ್ರವನ್ನು ಯಜಮಾನಿ ಬರೆದದ್ದು ಎಂದೇ ಓದಿಕೋ. ಕೆಲಸದ ಮಾತಿದೆ.

ಟೈಪಾಗಿ ಬಂದಿದೆಯಲ್ಲ ಎಂದು ಹುಬ್ಬೇರಿಸಬೇಡ. ನಾನು ಹೇಳುತ್ತೇನೆ, ನಿನ್ನ ಅತ್ತಿಗೆ ಬಡಿಯುತ್ತಾಳೆ. ಕೂತು ಬರೆಯುವಷ್ಟು ಪುರುಸೊತ್ತು ನನಗೆ ಇಲ್ಲ.

ಈಗ ಬಟ್ಟೆ ಒಗೆಯುವುದಕ್ಕಿಂತ ಬಟ್ಟೆಯ ಬಗ್ಗೆ ಬರೆಯುವ ಕೆಲಸವೇ ಹೆಚ್ಚಾಗಿದೆ. ಒಂದು ದಿಂಬಿನ ಚೀಲ ಕಡಿಮೆ ಬಂದರೆ ಹೋಟೆಲಿನಿಂದ ನಾಲ್ಕು ಮೇಲ್. ಅದಕ್ಕೆ ಒಂದು ಗಂಟೆಯೊಳಗೆ ಉತ್ತರ ಹೋಗಬೇಕು. ಆಸ್ಪತ್ರೆಗೆ ಪ್ರತಿ ವಾರ ವರದಿ. ಬಾಯ್ಲರಿನವನಿಗೆ ತಗಾದೆ, ಕೆಲಸದವರಿಗೆ ನೋಟೀಸು, ಜೊತೆಗೆ ಸಿಟ್ಟು ಬಂದವರಿಗೆ ಸಮಾಧಾನ. ನಿನ್ನ ಅತ್ತಿಗೆ ಬೆಳಿಗ್ಗೆ ಆ ಪರದೆಯ ಮುಂದೆ ಕೂತರೆ ಊಟಕ್ಕೆ ಏಳುವಾಗ ಅವಳ ಮುಖ ಹಿಂಡಿ ಹರವಿದ ಬಟ್ಟೆಯಂತಿರುತ್ತದೆ. ನಿನ್ನ ಅಣ್ಣ ವ್ಯಾನು ಬಿಟ್ಟು ಕೆಳಗಿಳಿಯುವ ಪೈಕಿಯಲ್ಲ.

ಆದ್ದರಿಂದ ಬರೆದುಕೊಡುವ ಯಂತ್ರ ತರಿಸೋಣ ಎಂದಳು. ಒಂದಲ್ಲ, ಎರಡು ತರಿಸಿದ್ದಾಳೆ. ಎರಡು ಕಂಪನಿಯವರೂ ನಾಲ್ಕು ತಿಂಗಳು ಬಳಸಿ ನೋಡಿ ಎಂದಿದ್ದಾರೆ. ಏಪ್ರಿಲ್ ಮುಗಿಯುವುದರೊಳಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಳುಹಿಸಬೇಕು. ಒಂದು ಎಲ್ಲಕ್ಕೂ ನಯವಾಗಿ, ಉದ್ದುದ್ದ ಬರೆಯುತ್ತದೆ. ಅದಕ್ಕೆ ಇಲ್ಲಿಯವರು ‘ಬೆಣ್ಣೆ’ ಎಂದು ಹೆಸರಿಟ್ಟಿದ್ದಾರೆ. ಇನ್ನೊಂದು ನಾಲ್ಕು ಸಾಲು ಬರೆದು ಐದು ಪ್ರಶ್ನೆ ಕೇಳುತ್ತದೆ. ಅದು ‘ಗುಮಾಸ್ತ’.

ಮುಖ್ಯ ವಿಷಯ ತಪ್ಪಿನ ಚೀಟಿಯದು. ಯಂತ್ರಗಳಿಗೆ ಹೇಳಿಕೊಟ್ಟಂತೆ ನಿನಗೂ ಇನ್ನೊಮ್ಮೆ ಹೇಳುತ್ತೇನೆ. ನೀನು ಹೋಗಿ ಒಂಬತ್ತು ವರ್ಷ, ಮರೆತಿರಬಹುದು. ನಮ್ಮಲ್ಲಿ ಬಟ್ಟೆಯ ಕಲೆ ಹೋಗದಿದ್ದರೆ, ಬಣ್ಣ ಬಿಟ್ಟರೆ, ಗುಂಡಿ ಒಡೆದರೆ ಮುಚ್ಚಿಟ್ಟು ಮಡಿಸಿ ಕೊಡುವುದಿಲ್ಲ. ಏನಾಯಿತು ಎಂದು ಚೀಟಿ ಬರೆದು ಬಟ್ಟೆಗೆ ಪಿನ್ನು ಹಾಕುತ್ತೇವೆ. ಯಾರ ಕೈಯಿಂದ ಕೆಟ್ಟಿತೋ ಅವರೇ ಬರೆದು ಹೆಸರು ಹಾಕಬೇಕು. ಬಟ್ಟೆಗೆ ಕಟ್ಟಿದ ಗುರುತಿನ ತುಂಡಿನ ಮೇಲೆ, ಬಟ್ಟೆ ಕೈಗೆ ತೆಗೆದುಕೊಂಡವರು ಹಿಂದಿನವರ ಚಿಹ್ನೆ ಹೊಡೆದು ತಮ್ಮ ಚಿಹ್ನೆ ಹಾಕುತ್ತಾರಲ್ಲ, ಅದನ್ನೂ ಚೀಟಿಯ ನಕಲನ್ನೂ ರಿಜಿಸ್ಟರಿಗೆ ಅಂಟಿಸಬೇಕು. ಈ ಪದ್ಧತಿ ನನ್ನದು. ಇದರಿಂದಲೇ ಈ ಅಂಗಡಿ ನಿಂತಿದೆ. ಈಗಿನ ಕೆಲಸದವರು ಚೀಟಿ ಬರೆಯಲು ಪೆನ್ನು ಹಿಡಿದು ಅರ್ಧ ದಿನ ಆಕಾಶ ನೋಡುತ್ತಾರೆ. ಅದನ್ನೂ ಯಂತ್ರಕ್ಕೆ ಒಪ್ಪಿಸಬಹುದೇ?

ನಿನ್ನ ಕಛೇರಿಯಲ್ಲಿ ಇವುಗಳ ಜೊತೆಗೇ ದಿನಗಳೆಯುತ್ತೀಯಂತೆ. ಯಾವುದನ್ನು ಇಟ್ಟುಕೊಳ್ಳಬೇಕು, ಬರೆ. ಮಗಳ ಅಭಿಪ್ರಾಯ ಕೇಳುತ್ತಿಲ್ಲ, ಬಲ್ಲವಳ ಅಭಿಪ್ರಾಯ ಕೇಳುತ್ತಿದ್ದೇನೆ.

ಇಂತು,
ಯಜಮಾನಿ ಹಾಗೂ ನಿನ್ನ ತಾಯಿ


ಜನವರಿ 24

ಅಮ್ಮನಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ತಡವಾಯಿತು, ಬೈಯಬೇಡಿ. ಮನೆಗೆ ಬಂದ ಮೇಲೆ ಅಕ್ಷರ ಕಂಡರೆ ಆಗುವುದಿಲ್ಲ. ಹಾಲಿನ ಪೊಟ್ಟಣದ ಮೇಲೆ ಬರೆದದ್ದನ್ನೂ ಓದದೆ ಒಲೆಯ ಮೇಲಿಡುತ್ತೇನೆ.

ನಮ್ಮ ವಿಮಾ ಕಛೇರಿಯಲ್ಲಿ ನಾನು ಏನು ಮಾಡುತ್ತೇನೆ ಎಂದು ನೀವು ಯಾವತ್ತೂ ಕೇಳಿರಲಿಲ್ಲ. ಹಣ ಕೊಡಲಾಗುವುದಿಲ್ಲ ಎಂದು ಜನರಿಗೆ ತಿಳಿಸುವ ವಿಭಾಗದ ಮುಖ್ಯ ಗುಮಾಸ್ತೆ ನಾನು. ಮೊದಲು ನಾವು ಆರು ಜನ ಕೂತು ದಿನಕ್ಕೆ ನಲವತ್ತು ಪತ್ರ ಬರೆಯುತ್ತಿದ್ದೆವು. ಈಗ ಯಂತ್ರ ನೂರಾನಲವತ್ತು ಬರೆಯುತ್ತದೆ, ನಾನು ಮತ್ತು ಪಕ್ಕದ ಮೇಜಿನವಳು ಓದಿ ಒಪ್ಪಿಗೆ ಒತ್ತುತ್ತೇವೆ. ಪ್ರತಿಯೊಂದರಲ್ಲೂ ‘ತೀವ್ರವಾಗಿ ವಿಷಾದಿಸುತ್ತೇವೆ’ ಎಂದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದವಳು, “ಏನೇ, ಎಷ್ಟು ಸಲ ವಿಷಾದ ಪಟ್ಟೆ?” ಅಂತಾಳೆ. “ಎಪ್ಪತ್ತು ಆಯ್ತು ಕಣೇ, ಟೀ ಕುಡಿದು ಬಂದು ಉಳಿದಿದ್ದು ಪಡ್ತೀನಿ” ಅಂತೀನಿ.

ಹೋದ ತಿಂಗಳು ಒಬ್ಬ ಮುದುಕರು ಮೂರು ಸಲ ಅರ್ಜಿ ಹಾಕಿ ಮೂರು ಸಲವೂ ನಮ್ಮ ಚೆಂದದ ಪತ್ರ ಪಡೆದು, ಕೊನೆಗೆ ಒಂದು ಕಾರ್ಡು ಬರೆದರು. ‘ಇಲ್ಲ ಎನ್ನುವುದಾದರೆ ಇಲ್ಲ ಎನ್ನಿ. ಆದರೆ ದಯವಿಟ್ಟು ಒಬ್ಬ ಮನುಷ್ಯ ಹೇಳಲಿ.’ ಆ ಕಾರ್ಡು ನನ್ನ ಡ್ರಾಯರಿನಲ್ಲಿದೆ. ಏನು ಮಾಡಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದೇನೆ.

ಆರಿಸುವ ವಿಷಯ. ಯಾವುದು ಚೆನ್ನಾಗಿ ಬರೆಯುತ್ತದೆ ಎಂದು ನೋಡಲು ಹೋಗಬೇಡಿ. ಎರಡೂ ಚೆನ್ನಾಗಿಯೇ ಬರೆಯುತ್ತವೆ. ಗೊತ್ತಿಲ್ಲದ್ದು ಎದುರಾದಾಗ ಯಾವುದು ಏನು ಮಾಡುತ್ತದೆ, ಅದನ್ನು ನೋಡಿ. ಎರಡಕ್ಕೂ ಒಂದೇ ಮೂರು ಕೆಲಸ ಕೊಡಿ. ಸಿಟ್ಟಿನಲ್ಲಿರುವ ಗಿರಾಕಿಗೆ ಒಂದು ಉತ್ತರ. ಬೇಕಾದ ಒಂದು ವಿವರವನ್ನು ಬೇಕೆಂದೇ ಬಿಟ್ಟು ಒಂದು ವರದಿ. ಮೂರನೆಯದಾಗಿ ನಮ್ಮ ಹಳೆಯ ಚೀಟಿಗಳ ಕಟ್ಟು ಕೊಟ್ಟು, ಅದೇ ರೀತಿಯಲ್ಲಿ ಬರೆಯಲು ಹೇಳಿ. ಇಲ್ಲದ್ದನ್ನು ತಾನೇ ತುಂಬಿಕೊಂಡು ಬರೆಯುವ ಯಂತ್ರ ಬೇಡ. ನಿಲ್ಲಿಸಿ ಕೇಳುವುದನ್ನು ಇಟ್ಟುಕೊಳ್ಳಿ. ಹೊಗಳುವುದರ ಮೇಲಂತೂ ಹೋಗಲೇಬೇಡಿ; ಇಲ್ಲಿ ನಮ್ಮ ಸಾಹೇಬರು ಹಾಗೆ ಹೋಗಿಯೇ ನಾವು ಈ ಸ್ಥಿತಿಗೆ ಬಂದದ್ದು.

ತಪ್ಪಿನ ಚೀಟಿಯನ್ನು ಯಂತ್ರಕ್ಕೆ ಒಪ್ಪಿಸಬಹುದೇ ಎಂದು ಕೇಳಿದ್ದೀರಿ. ಅದು ನಿಮ್ಮ ಪದ್ಧತಿ. ನಾನು ಏನು ಹೇಳಲಿ?

ನಾನು ಏನನ್ನೂ ಮರೆತಿಲ್ಲ.

ನಿಮ್ಮ ಮಗಳು


ಫೆಬ್ರವರಿ 6

ನನ್ನ ಪ್ರೀತಿಯ ಮುದ್ದು ಮಗಳೇ,

ಈ ಪತ್ರ ನಿನ್ನನ್ನು ಆರೋಗ್ಯ ಮತ್ತು ಸಂತೋಷದಲ್ಲಿ ತಲುಪಲಿ ಎಂದು ಹೃದಯಪೂರ್ವಕವಾಗಿ ಹಾರೈಸುತ್ತೇನೆ! ನಿನ್ನ ಅಮೂಲ್ಯ ಸಲಹೆಗಳಿಗಾಗಿ ಅನಂತ ಧನ್ಯವಾದಗಳು. ನಿನ್ನಂಥ ಬುದ್ಧಿವಂತ, ಸಹೃದಯ ಮಗಳನ್ನು ಪಡೆದ ನಾನೇ ಭಾಗ್ಯವಂತೆ. ಬೆಚ್ಚನೆಯ ಇಸ್ತ್ರಿಯ ಸುವಾಸನೆಯ ನಡುವೆ ನಾವಿಬ್ಬರೂ ನಗುನಗುತ್ತಾ ಕಳೆದ ಆ ಸುಂದರ ದಿನಗಳು ನನ್ನ ಮನಸ್ಸಿನಲ್ಲಿ ಸದಾ ಹಸಿರಾಗಿವೆ. ಕಾಲ ಎಷ್ಟೇ ಸರಿದರೂ ತಾಯಿ ಮಗಳ ಬಾಂಧವ್ಯ ಎಂದಿಗೂ ಮಾಸುವುದಿಲ್ಲ ಅಲ್ಲವೇ?

ನೀನು ನಿನ್ನ ಆರೋಗ್ಯವನ್ನು ಜೋಪಾನ ಮಾಡಿಕೊಳ್ಳುತ್ತೀಯೆಂದು ನಂಬಿದ್ದೇನೆ. ಸಾಕಷ್ಟು ನೀರು ಕುಡಿ, ವಿಶ್ರಾಂತಿ ತೆಗೆದುಕೋ.

ಒಮ್ಮೆ ಬಂದು ಹೋಗು. ಮೇಲಿನ ಕೋಣೆ ಖಾಲಿಯಿದೆ.

ಅಪಾರ ಪ್ರೀತಿಯೊಂದಿಗೆ,
ಸದಾ ನಿನ್ನವಳಾದ,
ನಿನ್ನ ಪ್ರೀತಿಯ ಅಮ್ಮ


ಫೆಬ್ರವರಿ 15

ಅಮ್ಮನಿಗೆ,

ಬೆಣ್ಣೆಯ ಪತ್ರ ತಲುಪಿತು. ಮೊದಲ ಸಾಲಿಗೇ ಗೊತ್ತಾಯಿತು. ಪಕ್ಕದ ಮೇಜಿನವಳಿಗೆ ಓದಿ ಹೇಳಿದೆ. “ಅಯ್ಯೋ, ನಿಮ್ಮಮ್ಮ ಎಷ್ಟು ಒಳ್ಳೇವ್ರೇ!” ಅಂದಳು. “ಇವರು ಯಾರೋ ಬೇರೆ ಅಮ್ಮ ಕಣೇ, ನನ್ನಮ್ಮ ಹೀಗೆ ಮಾತಾಡಿದ್ರೆ ಜ್ವರ ಇದೆಯಾ ಅಂತ ಮುಟ್ಟಿ ನೋಡ್ಬೇಕು” ಅಂದೆ. ಬಹಳ ದಿನಗಳ ಮೇಲೆ ನಕ್ಕೆವು.

ನೀವು ನನ್ನನ್ನು ‘ಏ ಹುಡುಗಿ’ ಎಂದು ಕರೆದಿದ್ದೀರಿ, ‘ಇವಳೇ’ ಎಂದಿದ್ದೀರಿ. ಮುದ್ದು ಎಂದದ್ದು ನನಗೆ ನೆನಪಿಲ್ಲ. ಇಸ್ತ್ರಿ ಮೇಜಿನ ಹತ್ತಿರ ನಾವು ನಗುನಗುತ್ತಾ ಇದ್ದ ದಿನ ಯಾವುದು? ಅಲ್ಲಿ ಮಾತಾಡಿದರೆ ಮಡಿಕೆ ಓರೆಯಾಗುತ್ತದೆ ಎಂದು ನೀವು ಬಾಯಿ ಮುಚ್ಚಿಸುತ್ತಿದ್ದಿರಿ. ಇಲ್ಲದ್ದನ್ನು ತುಂಬಿಕೊಂಡು ಬರೆಯುವುದು ಎಂದು ನಾನು ಹೇಳಿದ್ದು ಇದನ್ನೇ.

ಆದರೆ ಒಂದು ಅನುಮಾನ ಉಳಿದಿದೆ. ಕೊನೆಯ ಎರಡು ಪುಟ್ಟ ವಾಕ್ಯಗಳು, ಮೇಲಿನ ಕೋಣೆಯ ಮಾತು, ಅವು ಬೆಣ್ಣೆಯ ಹಾಗೆ ಕಾಣಲಿಲ್ಲ. ಅವನ್ನೂ ಯಂತ್ರವೇ ಬರೆಯಿತೇ?

ನಿಮ್ಮ ಮಗಳು


ಮಾರ್ಚ್ 2

ಮಗಳಿಗೆ,

ನನ್ನ ಪತ್ರವನ್ನು ಪಕ್ಕದ ಮೇಜಿನವರಿಗೆಲ್ಲ ಓದಿ ಹೇಳುವ ಅಭ್ಯಾಸ ಒಳ್ಳೆಯದಲ್ಲ. ಅದು ಪರೀಕ್ಷೆಗಾಗಿ ಕಳುಹಿಸಿದ್ದು. ನಿನಗೆ ಗೊತ್ತಾಗುತ್ತದೋ ಇಲ್ಲವೋ ನೋಡೋಣ ಎಂದು. ಗೊತ್ತಾಯಿತು. ಅಲ್ಲಿಗೆ ಆ ಮಾತು ಮುಗಿಯಿತು.

ನೀನು ಹೇಳಿದ ಮೂರರಲ್ಲಿ ಎರಡು ಕೆಲಸ ಮಾಡಿಸಿದೆವು. ಹೋಟೆಲಿನ ಉಸ್ತುವಾರಿಯವನು ಮೇಜುಬಟ್ಟೆಯಲ್ಲಿ ಹಳದಿ ಉಳಿದಿದೆ ಎಂದು ಕಿರುಚಿ ಬರೆದಿದ್ದ. ಬೆಣ್ಣೆ ಒಂದೂವರೆ ಪುಟ ಕ್ಷಮೆ ಕೇಳಿತು. ನಿಮ್ಮ ನೋವು ನಮ್ಮ ನೋವು ಎಂದೆಲ್ಲ ಬರೆದು, ಮುಂದಿನ ವಾರ ಎಲ್ಲ ಬಟ್ಟೆಯನ್ನೂ ಪುಕ್ಕಟೆ ಒಗೆದುಕೊಡುತ್ತೇವೆ ಎಂದು ಮಾತೂ ಕೊಟ್ಟಿತು! ನಾನು ಕೇಳಿದೆ, “ಇದಕ್ಕೆ ಯಾರಮ್ಮ ಹಾಗೆ ಹೇಳಿದ್ದು?” ನಿನ್ನ ಅತ್ತಿಗೆ, “ನಾನಂತೂ ಹೇಳಿಲ್ಲ ಅತ್ತೆ, ಅದೇ ಉದಾರವಾಗಿಬಿಟ್ಟಿದೆ” ಅಂದಳು. ಮೇಸ್ತ್ರಿ ಇಸ್ತ್ರಿ ಮೇಜಿನಿಂದಲೇ ಕೂಗಿದ: “ಅಮ್ಮಾವ್ರೇ, ಒಗೆಯೋಕೂ ಅದನ್ನೇ ಕರೀರಿ!” ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಗುಮಾಸ್ತ ಮೂರು ಸಾಲು ಬರೆದು, ‘ಹಳದಿ ಯಾವುದರದು? ಬಟ್ಟೆ ನಿಮಗೆ ಬಂದಾಗಲೇ ಇತ್ತೇ? ತಿಳಿಯದೆ ಕ್ಷಮೆ ಬರೆಯಲೋ, ವಿವರಣೆ ಬರೆಯಲೋ?’ ಎಂದು ಕೇಳಿತು. ಕೇಳುವ ಧಾಟಿ ನನಗೆ ಹಿಡಿಸಲಿಲ್ಲ. ಪ್ರಶ್ನೆ ಸರಿಯಾಗಿತ್ತು.

ಆಸ್ಪತ್ರೆಯ ವಾರದ ವರದಿಯಲ್ಲಿ ಹಾಸುಬಟ್ಟೆಯ ಲೆಕ್ಕವನ್ನು ಬೇಕೆಂದೇ ಬಿಟ್ಟೆವು. ಬೆಣ್ಣೆ ಹಿಂದಿನ ವಾರದ ಸಂಖ್ಯೆಯನ್ನೇ ಹಾಕಿ ಸೊಗಸಾಗಿ ಮುಗಿಸಿತು. ಗುಮಾಸ್ತ ಆ ಜಾಗ ಖಾಲಿ ಬಿಟ್ಟು ಕೆಂಪು ಗೆರೆ ಎಳೆಯಿತು. ಇಷ್ಟಾದರೂ ನಿನ್ನ ಅತ್ತಿಗೆಗೆ ಬೆಣ್ಣೆಯ ಮೇಲೆಯೇ ಮನಸ್ಸು. ದಿನವಿಡೀ ಬೈಗುಳ ಓದುವವಳಿಗೆ ಒಂದಾದರೂ ಒಳ್ಳೆಯ ಮಾತಾಡುವ ಪ್ರಾಣಿ ಬೇಕಂತೆ. ಅವಳನ್ನು ಬೈಯಲು ನನಗೂ ಬಾಯಿ ಬರಲಿಲ್ಲ. ನಾನು ಯಾವತ್ತು ಅವಳಿಗೆ ಒಳ್ಳೆಯ ಮಾತಾಡಿದ್ದೇನೆ?

ಮೂರನೆಯ ಕೆಲಸ ಬಾಕಿ ಇದೆ. ಚೀಟಿಗಳ ರಿಜಿಸ್ಟರು ಅಟ್ಟದ ಮೇಲಿದೆ. ಇಳಿಸಲು ಹೇಳಿದ್ದೇನೆ. ನನಗೆ ಹತ್ತಲಾಗುವುದಿಲ್ಲ, ಮೊಣಕಾಲು.

ನಿನ್ನ ಕಛೇರಿಯ ಆ ಮುದುಕರಿಗೆ ನೀನೇ ಬರೆ. ಡ್ರಾಯರಿನಲ್ಲಿ ಇಟ್ಟುಕೊಂಡರೆ ಏನು ಬಂತು?

ಇಂತು,
ನಿನ್ನ ತಾಯಿ


ಮಾರ್ಚ್ 19

ಮಗಳಿಗೆ,

ಬೆಣ್ಣೆಯನ್ನು ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಇನ್ನು ಈ ವಿಷಯದಲ್ಲಿ ನಿನ್ನ ಸಲಹೆ ಬೇಕಾಗಿಲ್ಲ. ತೊಂದರೆ ತೆಗೆದುಕೊಂಡಿದ್ದಕ್ಕೆ ಸಂತೋಷ.

ಇಂತು,
ಯಜಮಾನಿ


ಮಾರ್ಚ್ 21

ಪ್ರೀತಿಯ ನಾದಿನಿಗೆ ನಿನ್ನ ಅತ್ತಿಗೆ ಬರೆಯುವುದು.

ಅತ್ತೆ ಮೊನ್ನೆ ಬರೆಸಿದ ಎರಡು ಸಾಲಿನ ಪತ್ರ ನಿನಗೆ ತಲುಪಿರಬಹುದು. ಟೈಪ್ ಮಾಡಿದವಳು ನಾನೇ. ಇದನ್ನು ಅವರಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಹಿಂದಿನ ಕೋಣೆಯಲ್ಲಿ, ಹಾಸುಬಟ್ಟೆಯ ಮೂಟೆಯ ಮೇಲೆ ಕೂತು.

ನೀನು ಹೇಳಿದಂತೆ ಹಳೆಯ ಚೀಟಿಗಳನ್ನು ಎರಡು ಯಂತ್ರಕ್ಕೂ ಕೊಟ್ಟೆವು. ರಿಜಿಸ್ಟರಿನ ಪುಟಗಳ ಫೋಟೋ ತೆಗೆದು ಹಾಕುತ್ತಾ ಹೋದೆ, ಇನ್ನೂರಕ್ಕೂ ಹೆಚ್ಚು. ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆಣ್ಣೆ ಎಲ್ಲವನ್ನೂ ನಯ ಮಾಡಿ ಕೊಟ್ಟಿತು. ಗಡಿಯಾರ ರಿಪೇರಿಯವರ ಹೆಂಡತಿಯ ಕೋಟು ಸುಟ್ಟ ಚೀಟಿ ನಿನಗೆ ನೆನಪಿರುತ್ತದೆ. ತೀರಿಕೊಂಡ ಗಂಡನ ಉಣ್ಣೆ ಕೋಟು. ಅದಕ್ಕೆ ಬೆಣ್ಣೆ, ‘ಅನಿವಾರ್ಯ ಕಾರಣಗಳಿಂದ ತಮ್ಮ ಉಡುಪಿನ ಹಿಂಭಾಗದಲ್ಲಿ ಸಣ್ಣ ಬದಲಾವಣೆ ಉಂಟಾಗಿದೆ’ ಎಂದು ಬರೆಯಿತು. ನಾನು ನಕ್ಕೆ. ಅತ್ತೆ ನಗಲಿಲ್ಲ.

ಆಮೇಲೆ ಗುಮಾಸ್ತನ ಸರದಿ. ಅದು ಕೂಡಲೇ ಬರೆಯಲಿಲ್ಲ. ‘ಒಂದು ಸಂದೇಹ’ ಎಂದಿತು. ಎಲ್ಲ ಪುಟಗಳಲ್ಲೂ ಚೀಟಿ ಬರೆದವರು ಯಾರೋ, ಪಕ್ಕದಲ್ಲಿ ಅಂಟಿಸಿದ ಬಟ್ಟೆಯ ಗುರುತಿನ ಮೇಲೂ ಅವರದೇ ಚಿಹ್ನೆ ಇದೆ. ಒಂದರಲ್ಲಿ ಮಾತ್ರ ಹಾಗಿಲ್ಲ. ಉಣ್ಣೆ ಕೋಟಿನ ಚೀಟಿ ಬರೆದವರ ಚಿಹ್ನೆ ಮೂರು ಗೆರೆ. ಬಟ್ಟೆಯ ಗುರುತಿನ ಮೇಲೆ ಮೊದಲು ಮೂರು ಗೆರೆ, ಆಮೇಲೆ ಅದನ್ನು ಹೊಡೆದು ಸುನ್ನೆಯೊಳಗೆ ಚುಕ್ಕೆ. ‘ಕೊನೆಯಲ್ಲಿ ಬಟ್ಟೆ ಯಾರ ಕೈಯಲ್ಲಿತ್ತು? ಯಾರ ಹೆಸರು ಸರಿಯೆಂದು ಇಟ್ಟುಕೊಳ್ಳಲಿ?’

ಮೂರು ಗೆರೆ ನಿನ್ನ ಚಿಹ್ನೆ. ಸುನ್ನೆಯೊಳಗೆ ಚುಕ್ಕೆ ಈ ಅಂಗಡಿಯಲ್ಲಿ ಒಬ್ಬರದೇ.

ನಾನು ಓದಿ ಮುಗಿಸುವಷ್ಟರಲ್ಲಿ ಅತ್ತೆ ಎದ್ದರು. “ಮುಚ್ಚು ಅದನ್ನ” ಅಂದರು. “ಅತ್ತೆ, ಏನಂತ ಉತ್ತರ ಕೊಡ್ಲಿ?” ಅಂದೆ, ನನ್ನ ದಡ್ಡತನ. “ಒಗೆಯೋ ಅಂಗಡೀಲಿ ನನ್ನ ವಿಚಾರಣೆ ಮಾಡೋಕೆ ಇದ್ಯಾರು? ಕಿತ್ತು ಹಾಕು. ಬೆಣ್ಣೇನೇ ಇರ್ಲಿ” ಅಂದರು. ಎರಡು ದಿನದಿಂದ ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಾರೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅತ್ತೆ ಟೈಪ್ ಮಾಡಿಸುವುದು ಪುರುಸೊತ್ತಿಲ್ಲದ್ದಕ್ಕಲ್ಲ. ಅವರ ಬಲಗೈ ನಡುಗುತ್ತದೆ. ಲೋಟ ಹಿಡಿದರೆ ಅರ್ಧ ಚೆಲ್ಲುತ್ತದೆ. ಯಾರಾದರೂ ಬಂದರೆ ಕೈಯನ್ನು ಮಡಿಸಿದ ಬಟ್ಟೆಯ ಕೆಳಗೆ ಇಟ್ಟುಕೊಳ್ಳುತ್ತಾರೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಮೊಣಕಾಲು ತೋರಿಸಿಕೊಂಡು ಬರುತ್ತಾರೆ. ಎಷ್ಟು ವರ್ಷದಿಂದ ಹೀಗಿದೆಯೋ ನನಗೆ ಗೊತ್ತಿಲ್ಲ. ಈಗ ಲೆಕ್ಕ ಹಾಕಿದರೆ ಹೆದರಿಕೆಯಾಗುತ್ತದೆ.

ನಾನು ಈ ಮನೆಗೆ ಬರುವ ಹೊತ್ತಿಗೆ ನೀನು ಹೋಗಿಯಾಗಿತ್ತು. ಯಾಕೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ನನ್ನಿಂದ ತಪ್ಪಾಯಿತೋ ಏನೋ. ನಿನಗೆ ತಿಳಿಸದೆ ಇರಲು ಆಗಲಿಲ್ಲ.

ಇಂತಿ,
ನಿನ್ನ ಅತ್ತಿಗೆ


ಏಪ್ರಿಲ್ 5

ಅಮ್ಮಾ,

ಅತ್ತಿಗೆ ಬರೆದಿದ್ದಾಳೆ. ಅವಳನ್ನು ಬೈಯಬೇಡ. ಬೈದರೆ ಅವಳೂ ಹೋಗುತ್ತಾಳೆ, ಆಮೇಲೆ ಬೆಣ್ಣೆಯೊಂದೇ ನಿನ್ನ ಜೊತೆ ಉಳಿಯುತ್ತದೆ.

ನನಗೆ ಆವತ್ತೇ ಗೊತ್ತಿತ್ತು.

ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ನಾನು ಇಸ್ತ್ರಿ ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಹೋದೆ. ಹಿಡಿ ಗೋಡೆಯ ಕಡೆಗೆ ಇರುವಂತೆ ಇಡಬೇಕು ಎಂದು ನೀನೇ ಕಲಿಸಿದ್ದು, ಹಾಗೆಯೇ ಇಟ್ಟೆ. ಫೋನಿನ ಹತ್ತಿರದ ಬೀರುವಿನ ಗಾಜಿನಲ್ಲಿ ಇಸ್ತ್ರಿ ಮೇಜು ಕಾಣುತ್ತದೆ. ನೀನು ಬಂದು ಗುರುತಿನ ಮೇಲೆ ಪೆನ್ಸಿಲಿನಿಂದ ಏನೋ ಬರೆದೆ. ಪೆಟ್ಟಿಗೆ ಎತ್ತಿಕೊಂಡೆ. ಆಮೇಲೆ ನಿನ್ನ ಬಲಗೈಯನ್ನು ಎಡಗೈಯಿಂದ ಹಿಡಿದು ಎಳೆಯುತ್ತಿದ್ದೆ. ಬೆರಳು ಬಿಡುತ್ತಿರಲಿಲ್ಲ. ಹೊಗೆ ಎದ್ದಿತು. ಫೋನಿನಲ್ಲಿ ಆ ಕಡೆಯವರು ಹಲೋ ಹಲೋ ಅನ್ನುತ್ತಿದ್ದರು.

ನಾನು ಓಡಿ ಬರುವಷ್ಟರಲ್ಲಿ ಏಳು ಜನ ಸುತ್ತ ನಿಂತಿದ್ದರು. ನೀನು ಅವರ ಮುಖ ನೋಡಿದೆ, ಆಮೇಲೆ ನನ್ನ ಮುಖ ನೋಡಿದೆ. “ಪೆಟ್ಟಿಗೆ ಇಟ್ಟು ಹೋದವಳು ನೀನು. ಚೀಟಿ ನೀನೇ ಬರಿ” ಅಂದೆ. ನಾನು ಬರೆದೆ. ‘ನನ್ನ ಅಜಾಗರೂಕತೆಯಿಂದ’ ಎನ್ನುವ ಪದವನ್ನೂ ನೀನೇ ಹೇಳಿದ್ದು.

ಒಂದು ದಿನ ನೀನು ಹೇಳುತ್ತೀಯ ಎಂದುಕೊಂಡಿದ್ದೆ. ಎಲ್ಲರೆದುರು ಬೇಡ, ಅಡುಗೆ ಮನೆಯಲ್ಲಿ, ನಾನು ಪಾತ್ರೆ ತೊಳೆಯುವಾಗ, ನಿನ್ನ ಕಡೆ ಬೆನ್ನು ಮಾಡಿ ನಿಂತಿರುವಾಗ. ಆರು ವಾರ ಪಾತ್ರೆಗಳನ್ನು ನಿಧಾನವಾಗಿ ತೊಳೆದೆ. ಆಮೇಲೆ ಹೊರಟೆ.

ನಿನ್ನ ಕೈ ನಡುಗುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ. ಹೇಳುತ್ತಿರಲೂ ಇಲ್ಲ. ಅಷ್ಟು ನಂಬಿಕೆ ನಿನಗೆ ಇರಲಿಲ್ಲವಲ್ಲ, ನನಗೆ ಸುಟ್ಟದ್ದು ಅದು. ಕೋಟಲ್ಲ.

ನಾನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಸಿಟ್ಟು ಮಾಡಲು ಶಕ್ತಿ ಇಲ್ಲ. ನಿನಗೆ ಯಾವ ಯಂತ್ರ ಬೇಕೋ ಇಟ್ಟುಕೋ. ಆದರೆ ಬೆಣ್ಣೆ ಚೆನ್ನಾಗಿ ಬರೆಯುತ್ತದೆ ಎಂದು ಇಟ್ಟುಕೊಂಡೆ ಎಂದು ನನಗೆ ಹೇಳಬೇಡ. ದಿನಕ್ಕೆ ನೂರಾನಲವತ್ತು ಸಲ ನಾನು ಅದನ್ನೇ ಓದುತ್ತೇನೆ.

ಆ ಮುದುಕರಿಗೆ ನಾನೇ ಬರೆದೆ, ಕೈಯಲ್ಲಿ. ಇಲ್ಲ ಎಂದೇ ಬರೆದೆ. ಹಣ ಕೊಡಿಸಲು ನನ್ನಿಂದ ಆಗಲಿಲ್ಲ. ಕೆಳಗೆ ನನ್ನ ಹೆಸರು ಹಾಕಿದೆ. ‘ಈಗ ತಿಳಿಯಿತು, ವಂದನೆಗಳು’ ಎಂದು ಉತ್ತರ ಬಂತು.

ಮಗಳು


ಏಪ್ರಿಲ್ 28

ಮಗಳಿಗೆ,

ಇದು ಟೈಪ್ ಅಲ್ಲ. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ, ಬೆಳಿಗ್ಗೆ ಕೈ ಸ್ವಲ್ಪ ಮಾತು ಕೇಳುವ ಹೊತ್ತಿನಲ್ಲಿ. ಓದಲು ಕಷ್ಟವಾದರೆ ಕಷ್ಟಪಟ್ಟು ಓದು.

ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ವಾರ ಎರಡನೆಯ ಆಸ್ಪತ್ರೆಯವರು ನಮ್ಮ ಕೆಲಸ ಮುಂದುವರಿಸಬೇಕೋ ಬೇಡವೋ ಎಂದು ನೋಡುತ್ತಿದ್ದರು. ಯಜಮಾನಿಯ ಕೈ ಇಸ್ತ್ರಿ ಪೆಟ್ಟಿಗೆಯನ್ನು ಬಿಡುವುದಿಲ್ಲ ಎಂದು ಊರಿಗೆ ತಿಳಿದರೆ ಅಂಗಡಿಯ ಕಥೆ ಮುಗಿಯಿತು ಎಂದುಕೊಂಡೆ. ಇದು ಕಾರಣ, ಸಮಾಧಾನವಲ್ಲ. ಆಮೇಲೆ ಹೇಳಬಹುದಿತ್ತು. ನೀನು ಪಾತ್ರೆ ತೊಳೆಯುವಾಗ ನಾನು ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದೆ. ನೀನು ತಿರುಗಲಿಲ್ಲ, ನಾನು ಕರೆಯಲಿಲ್ಲ.

ಎಂಥ ಯಂತ್ರ ಬೇಕು ಎಂದು ನಾನು ಯೋಚಿಸಿದ್ದು ನಿನ್ನ ಪತ್ರ ಓದಿದ ಮೇಲೆ. ಬೆಣ್ಣೆ ನನ್ನನ್ನು ಏನೂ ಕೇಳಲಿಲ್ಲ. ಕೋಟು ಸುಟ್ಟದ್ದನ್ನು ಸಣ್ಣ ಬದಲಾವಣೆ ಮಾಡಿಕೊಟ್ಟಿತು. ನಾನು ಆವತ್ತು ನಿನ್ನಿಂದ ಬರೆಸಿದ್ದೂ ಅದನ್ನೇ. ಅದಕ್ಕೆ ಯಂತ್ರದ ಅವಶ್ಯಕತೆ ನನಗೆ ಇರಲಿಲ್ಲ. ಗುಮಾಸ್ತ ಕೇಳಿದ ಪ್ರಶ್ನೆಯನ್ನು ಒಂಬತ್ತು ವರ್ಷದಲ್ಲಿ ಒಬ್ಬ ಮನುಷ್ಯನೂ ನನ್ನನ್ನು ಕೇಳಿರಲಿಲ್ಲ. ಮೇಸ್ತ್ರಿಗೆ ಗೊತ್ತಿತ್ತೋ ಏನೋ. ಹೇಳಿದೆ ಅವನಿಗೆ, ಹೋದ ಸೋಮವಾರ, ಎಲ್ಲರೂ ಇದ್ದಾಗ. “ಗೊತ್ತಿತ್ತು ಅಮ್ಮಾವ್ರೇ. ನೀವು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ” ಅಂದ. ತಲೆ ತಗ್ಗಿಸಿಕೊಂಡು ಕಾಲರು ಉಜ್ಜತೊಡಗಿದ. ಇಡೀ ಅಂಗಡಿಗೇ ಗೊತ್ತಿದ್ದದ್ದನ್ನು ನಾನು ಬಟ್ಟೆಯ ಕೆಳಗೆ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದೆ.

ಬುಧವಾರ ಗಡಿಯಾರ ರಿಪೇರಿಯವರ ಹೆಂಡತಿಯ ಮನೆಗೆ ಹೋದೆ. ಎರಡು ಬೀದಿ ಆಚೆ, ಮೂರನೆಯ ಮಹಡಿ. ನಿನ್ನ ಅತ್ತಿಗೆ ಜೊತೆಗೆ ಬರುತ್ತೇನೆ ಎಂದಳು, ಬೇಡ ಎಂದೆ. ಬಾಗಿಲು ತೆರೆದವರು ಒಳಗೆ ಬನ್ನಿ ಅನ್ನಲಿಲ್ಲ. ನಾನೇ ಬರೆದ ಹೊಸ ಚೀಟಿ ಕೊಟ್ಟೆ. ಅಲ್ಲೇ ನಿಂತು ಓದಿದರು.

“ಮೂರು ಸಾಲು. ಇಷ್ಟಕ್ಕೆ ಒಂಬತ್ತು ವರ್ಷ ಬೇಕಾಯ್ತಾ ನಿಮಗೆ?” ಅಂದರು.

“ಬೇಕಾಯ್ತು” ಅಂದೆ.

“ನಿಮ್ಮ ಮಗಳು ಎರಡು ಸಲ ಬಂದು ಕ್ಷಮೆ ಕೇಳಿ ಹೋದ್ಲು, ಗೊತ್ತಾ? ಎರಡನೇ ಸಲ ಬಂದಾಗ ನಾನು ಬಾಗಿಲು ಹಾಕ್ಕೊಂಡೆ. ಅದನ್ನ ಯಾರ ಹತ್ರ ವಾಪಸ್ ತಗೊಳ್ಳಲಿ ಈಗ?”

ನೀನು ಹೋಗಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಅವರು ಒಳಗೆ ಹೋಗಿ ಆ ಕೋಟು ತಂದರು. ಎಸೆದಿಲ್ಲ. ಬೆನ್ನಿನ ಮೇಲೆ ಪೆಟ್ಟಿಗೆಯ ಮೂತಿ ಹಾಗೆಯೇ ಇದೆ. ಪಿನ್ನು ಕೇಳಿದರು. ನನ್ನ ಸೆರಗಿನಲ್ಲಿ ಯಾವಾಗಲೂ ಇರುತ್ತದಲ್ಲ, ತೆಗೆದುಕೊಟ್ಟೆ. ಸುಟ್ಟ ಜಾಗದ ಪಕ್ಕದಲ್ಲಿ ಚೀಟಿಗೆ ಪಿನ್ನು ಹಾಕಿಕೊಂಡು, “ಮೆಟ್ಟಿಲು ನೋಡ್ಕೊಂಡು ಇಳೀರಿ” ಎಂದು ಬಾಗಿಲು ಮುಚ್ಚಿದರು. ಅಷ್ಟೇ. ಇಳಿಯುವಾಗ ನಡುವೆ ಎರಡು ಸಲ ಕೂತೆ.

ನೀನು ಫೆಬ್ರವರಿಯಲ್ಲಿ ಕೇಳಿದ್ದೆ. ಆ ಎರಡು ಸಾಲು ಯಂತ್ರ ಬರೆದದ್ದಲ್ಲ. ಅದು ಬರೆದು ಮುಗಿಸಿದ ಮೇಲೆ ನಾನು ಸೇರಿಸಲು ಹೇಳಿದ್ದು. ಉಳಿದದ್ದರ ನಡುವೆ ಹೋಗಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ.

ಈಗ ತೀರ್ಮಾನ. ಬೆಣ್ಣೆಯನ್ನು ನಿನ್ನೆ ಕಳುಹಿಸಿಯಾಯಿತು. ನಿನ್ನ ಅತ್ತಿಗೆ ಸ್ವಲ್ಪ ಅತ್ತಳು. ‘ನೀನು ಒಳ್ಳೆಯ ಕೆಲಸಗಾರ್ತಿ’ ಎಂದು ಅವಳಿಗೆ ಹೇಳಿದೆ. ಇನ್ನಷ್ಟು ಅತ್ತಳು. ಹೋಟೆಲು, ಆಸ್ಪತ್ರೆ, ಬಾಯ್ಲರು, ನೋಟೀಸು ಎಲ್ಲ ಇನ್ನು ಗುಮಾಸ್ತನದು. ತಪ್ಪಿನ ಚೀಟಿ ಮಾತ್ರ ಅದಕ್ಕೆ ಕೊಟ್ಟಿಲ್ಲ; ಯಾರ ಕೈಯಿಂದ ಕೆಟ್ಟಿತೋ ಅವರೇ ಬರೆಯಬೇಕು, ಅಕ್ಷರ ಹೇಗೇ ಇರಲಿ. ಸುನ್ನೆಯೊಳಗಿನ ಚುಕ್ಕೆಯನ್ನು ಚಿಹ್ನೆಗಳ ಹಲಗೆಯಿಂದ ಅಳಿಸಿದ್ದೇನೆ. ಇಸ್ತ್ರಿ ಮೇಜಿನ ಹತ್ತಿರ ಇನ್ನು ನಾನು ಹೋಗುವುದಿಲ್ಲ. ಡಾಕ್ಟರಿಗೆ ಕೈ ತೋರಿಸಿದೆ.

ಗುಮಾಸ್ತನ ಪ್ರಶ್ನೆಗೂ ಉತ್ತರ ಟೈಪ್ ಮಾಡಿಸಿದೆ: ಬಟ್ಟೆ ನನ್ನ ಕೈಯಲ್ಲಿತ್ತು.

ರಿಜಿಸ್ಟರಿನ ಆ ಪುಟದಿಂದ ನಿನ್ನ ಚೀಟಿಯನ್ನು ಒದ್ದೆ ಬಟ್ಟೆ ಒತ್ತಿ, ಹರಿಯದಂತೆ ಬಿಡಿಸಿ, ಆ ಜಾಗಕ್ಕೆ ನನ್ನದನ್ನು ಅಂಟಿಸಿದ್ದೇನೆ. ನಿನ್ನದು ಈ ಲಕೋಟೆಯಲ್ಲಿದೆ.

ಅಮ್ಮ